ಅತ್ತೆ ಬೈಯದ ಶನಿವಾರ

ಮೂರು ಒಲೆಯ ಗ್ಯಾಸಿನ ಮೇಲೆ ಸಾರು, ಪಲ್ಯ, ಹಾಲು ಒಟ್ಟಿಗೇ ಇಡುವವಳಿಗೆ ಮೂರು ವಾರಪತ್ರಿಕೆಗಳಿಗೆ ಮೂರು ಧಾರಾವಾಹಿ ಬರೆಯುವುದು ಯಾವ ಮಹಾ ಎಂದು ಜಂಬ ಕೊಚ್ಚಿದವಳು ನಾನು. ಈಗ ಅನುಭವಿಸುತ್ತಿದ್ದೇನೆ, ಒಂದು ಕಥೆಯ ಮಾತು ಇನ್ನೊಂದಕ್ಕೆ ಸೋರುತ್ತದೆ. ಹೋದ ತಿಂಗಳು ನನ್ನ ಪಾಳೇಗಾರ ರಾಣಿ ಶತ್ರುವಿಗೆ "ಥೂ, ನಿನಗೆ ಅನ್ನ ಹಾಕಿದ್ದೇ ತಪ್ಪಾಯ್ತು" ಎಂದಳು. ಪತ್ತೇದಾರ ಕೊಲೆಗಾರನೆದುರು ಸೆರಗಿನಿಂದ ಕಣ್ಣೊರೆಸಿಕೊಂಡ (ಗಂಡಸು, ಪಾಪ!).

ಅಂದಿನಿಂದ ಒಂದೊಂದು ಕಥೆಗೆ ಒಂದೊಂದು ಕಟ್ಟಳೆ. ರಾಣಿಗಾಗಿ ತಾರಸಿ ಹತ್ತಿ ದೊಮ್ಮಲೂರನ್ನೆಲ್ಲ ಗತ್ತಿನಿಂದ ನೋಡುತ್ತೇನೆ. ಪತ್ತೇದಾರನಿಗಾಗಿ ಗಂಡ ಮುನಿರಾಜರ ಕೋಟು ತೊಡುತ್ತೇನೆ. ಅತ್ತೆ-ಸೊಸೆ ಕಥೆಗೆ ಮಾತ್ರ ಶ್ರಮವೇ ಇಲ್ಲ. ಸಾರಿಗೆ ಚೂರು ಉಪ್ಪು ಹೆಚ್ಚು ಹಾಕಿದರೆ ಅತ್ತೆ ಆಂಜನಮ್ಮನವರು ಬೈಯುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಆ ಶನಿವಾರ ಅದರ ಕೊನೆಯ ಕಂತು. ಸಂಜೆ ಶಿವಾಜಿನಗರದ ಪ್ರೆಸ್ಸಿನಿಂದ ಹಸ್ತಪ್ರತಿ ಒಯ್ಯುವ ಅಕ್ತರ್ ಬರುವಷ್ಟರಲ್ಲಿ ಬರೆದಿಡದಿದ್ದರೆ ಮುಂದಿನ ಧಾರಾವಾಹಿ ಬೇರೆಯವರಿಗೆ ಎಂದು ಸಂಪಾದಕರು ಖಡಾಖಂಡಿತವಾಗಿ ಹೇಳಿದ್ದರು. ಕಥೆಯ ಅತ್ತೆ ಕೊನೆಯದಾಗಿ ಒಮ್ಮೆ ಗುಡುಗಿ ಸಾಯಬೇಕಿತ್ತು. ಬಸ್ಸಾರಿಗೆ ಹಿಡಿ ಉಪ್ಪು ಸುರಿದೆ.

"ಚೆನ್ನಾಗೈತೆ ಕಣಮ್ಮ," ಎಂದರು ಅತ್ತೆ.

ಮುದ್ದೆಯಲ್ಲಿ ಗಂಟು ಬಿಟ್ಟಿದ್ದೆ. "ಬಿಸಿಬಿಸಿ ಐತೆ," ಎಂದರು. ಅವರ ಎಲೆಯಡಿಕೆ ಪೆಟ್ಟಿಗೆ ಬೀಳಿಸಿದೆ. "ಹಳೇದು, ಬಿಡು." ನನಗೆ ಅಳುವೇ ಬಂತು.

"ಅತ್ತೆ, ಯಾಕೆ ಬೈತಿಲ್ಲ ನೀವು?"

"ಬೈದಿದ್ದನ್ನೆಲ್ಲ ಊರಿಗೇ ಹಂಚ್ತೀಯಲ್ಲ! ಎದುರುಮನೆ ವೆಂಕಟಮ್ಮ ವಾರವಾರ ಓದಿ ಹೇಳ್ತಾಳೆ. ಈ ಸಲ ನನ್ನ ಸಾಯಿಸ್ತೀಯಂತೆ? ಮುನಿರಾಜ ಹೇಳ್ದ."

ಪಕ್ಕದಲ್ಲೇ ಉಣ್ಣುತ್ತಿದ್ದ ಮುನಿರಾಜರು ತಟ್ಟೆಯೊಳಗೇ ತಲೆ ಹುದುಗಿಸಿದರು. ಹೊರಗೆ ಅಕ್ತರನ ಲೂನಾ ನಿಂತ ಸದ್ದಾಯಿತು.

"ಬೈಬೇಕಾ? ಹಂಗಾದ್ರೆ ಅತ್ತೆ ಸಾಯ್ಬಾರ್ದು. ಸೊಸೆ ಕಾಲಿಗೆ ಬೀಳ್ಬೇಕು. ಬೀಗದ ಕೈ ಅತ್ತೆ ಸೊಂಟದಲ್ಲೇ ಇರ್ಬೇಕು."

ಒಪ್ಪಿದೆ. ಅತ್ತೆ ಗಂಟಲು ಸರಿಮಾಡಿಕೊಂಡು ಆರಂಭಿಸಿದರು. ಆ ವಾಗ್ಝರಿಯನ್ನು ಬರೆದುಕೊಳ್ಳಲು ನನ್ನ ಕೈ ಸಾಲಲಿಲ್ಲ. ಅಕ್ತರ್ ಬಾಗಿಲಲ್ಲೇ ನಿಂತು ಕೇಳಿ, "ಮೇಡಂ, ಅತ್ತೆ ಸೂಪರ್! ಸೊಸೆ ಸ್ವಲ್ಪ ವೀಕು," ಎಂದು ತೀರ್ಪು ಕೊಟ್ಟು, ಬರೆದು ಮುಗಿಸಿದ ಕಂತು ತೆಗೆದುಕೊಂಡು ಹೊರಟ.

ಬಚಾವಾದೆ ಎಂದುಕೊಂಡು ರಾಣಿಯ ಕಂತಿಗಾಗಿ ತಾರಸಿಯ ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನಿಂದ ಅತ್ತೆಯ ದನಿ ಬಂತು.

"ಎಲ್ಲಿಗೆ? ಬಂದು ಆ ಉಪ್ಪಿನ ಸಾರು ನೀನೇ ಉಂಡು ಮುಗಿಸು. ಆಮೇಲೆ ಆ ರಾಣಿ ಕಥೇನೂ ತಗೊಂಬಾ. ಅವಳಿಗೂ ಒಬ್ಬಳು ಅತ್ತೆ ಇರ್ಬೇಕಲ್ಲ?"