ಉಗುರುಸುತ್ತು ನನ್ನದು, ಹೊಲಿಗೆ ಅವರದು

ಬಸುರಿಯ ಬಯಕೆ ಎಂದರೆ ಮಾವಿನ ಮಿಡಿ, ಹುಣಸೆಹಣ್ಣು ಎಂದುಕೊಂಡವರೇ ಹೆಚ್ಚು. ಚೊಚ್ಚಲ ಬಸುರಿನಲ್ಲಿ ನನಗೆ ಹುಟ್ಟಿದ ಬಯಕೆಯೇ ಬೇರೆ. ಆಪರೇಷನ್ ಎಂದರೇನೆಂದು ಕಣ್ಣಾರೆ ನೋಡಬೇಕು. ಅದೂ ನನ್ನದನ್ನೇ!

ಅದು ಎರಡನೇ ಮಹಾಯುದ್ಧದ ಕಾಲ. ನಮ್ಮ ಮನೆ ಸಾಲಿಗ್ರಾಮದ ಹತ್ತಿರ. ನನ್ನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಯಿತು. ಅತ್ತೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿದರು. ನಿಂಬೆಹಣ್ಣು ಒಣಗಿತು, ಬೆರಳು ಬದನೆಕಾಯಿಯಾಯಿತು. ಕೊನೆಗೆ ಕುಂದಾಪುರದ ಡಾಕ್ಟರರಲ್ಲಿ ಕೊಯ್ಯಿಸುವುದೆಂದು ತೀರ್ಮಾನವಾಯಿತು. ಆ ನೋವಿನಲ್ಲೂ ನನಗೆ ಖುಷಿಯೋ ಖುಷಿ! ಬೆರಳಿನ ಒಳಗೆ ಏನಿರುತ್ತದೆ? ಕತ್ತಿ ಎಷ್ಟು ಉದ್ದ? ಡಾಕ್ಟರು ಕೊಯ್ಯುವಾಗ ಮಾತಾಡುತ್ತಾರೋ ಇಲ್ಲವೋ?

ಅತ್ತೆ ನನ್ನ ಮುಖ ನೋಡಿಯೇ ಹೇಳಿದರು: "ಕಾಣ್ ಹೆಣೆ, ಬಸ್ರಿ ಹೆಂಗ್ಸ್ ಕೊಯ್ಯುದ್, ಹೊಲುದ್ ಎಂತದೂ ಕಾಂಬುಕಾಗ. ನೀ ಕಂಡ್ರೆ ಮಗಿಗೆ ಗುರ್ತ ಬೀಳತ್."

ಮಗುವಿನ ಮೈಮೇಲೆ ಕಲೆ ಬೀಳುವುದು ಬೇಡ, ನೋಡುವುದಿಲ್ಲ ಎಂದು ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಖರ್ಚೇನು!

ಅತ್ತೆ, ನಾನು, ನಮ್ಮವರು ಮೂವರೂ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿದೆವು. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಇವರ ಗಡ್ಡ ಎದೆಯ ಕಡೆಗೆ ಪ್ರಯಾಣ ಬೆಳೆಸಿತ್ತು. ಕಂಡಕ್ಟರ್ ಕೈ ಮುಗಿದು, "ಸ್ವಾಮಿಗಳೇ, ಮುಂದ್ ಕೂಕಣಿ" ಎಂದ. ಆಮೇಲೆ ಇವರ ಬೆನ್ನ ಹಿಂದೆ ನನ್ನ ಹೊಟ್ಟೆ ಕಂಡಿತು. ಕುಂದಾಪುರ ಬರುವವರೆಗೆ ಆತ ಇವರ ಗಡ್ಡವನ್ನೂ ನನ್ನ ಹೊಟ್ಟೆಯನ್ನೂ ತಿರುತಿರುಗಿ ನೋಡಿದ.

ಡಾಕ್ಟರರು ಬೆರಳು ನೋಡಿ, "ಒಂದು ಗಳಿಗೆಯ ಕೆಲಸ" ಎಂದರು. ಅತ್ತೆ ಮಗನನ್ನು ಕರೆದು, ನನ್ನ ಕಣ್ಣು ಮುಚ್ಚಿ ಹಿಡಿಯುವ ಜವಾಬ್ದಾರಿ ಒಪ್ಪಿಸಿ ಜಗಲಿಗೆ ಹೋದರು. ಇವರು ಎರಡೂ ಅಂಗೈಯಿಂದ ನನ್ನ ಕಣ್ಣು ಒತ್ತಿ ಹಿಡಿದರು. ನಾನು ಬೆರಳ ಸಂದಿಗಾಗಿ ಹುಡುಕಿದೆ. ಇಲ್ಲ! ಅಷ್ಟು ಕರ್ತವ್ಯನಿಷ್ಠೆ ಇವರು ಮತ್ತೆಂದೂ ತೋರಿಸಿದ್ದಿಲ್ಲ.

"ಹ್ವಾಯ್, ಚೂರ್ ಸಡ್ಲ ಮಾಡಿ" ಎಂದೆ.

"ಸುಮ್ನಿರ್ ಮಾರಾಯ್ತಿ" ಎಂದರು. ಪಾಪ, ನನ್ನ ಕಣ್ಣು ಮುಚ್ಚಿದವರ ಕಣ್ಣು ಮುಚ್ಚುವವರು ಯಾರೂ ಇರಲಿಲ್ಲ!

ಚುರ್ ಎಂದಿತು. ನಾನು ಕೂಗಿದೆ. ಅದೇ ಹೊತ್ತಿಗೆ ಇವರ ಕೈ ಜಾರಿತು. ಆಹಾ, ಈಗ ನೋಡಬಹುದು ಎಂದು ಕಣ್ಣು ಬಿಟ್ಟರೆ ನನ್ನ ಬೆರಳಿನ ಮುಂದೆ ಡಾಕ್ಟರೇ ಇಲ್ಲ! ಅವರು ನೆಲದ ಮೇಲೆ ಕುಳಿತು ನಮ್ಮವರ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ಇವರು ಬೀಳುವಾಗ ಬೆಂಚಿನ ಅಂಚು ಬಡಿದು ಗಲ್ಲ ಸೀಳಿತ್ತು.

"ಹೊಲಿಗೆ ಹಾಕಬೇಕು. ಗಡ್ಡ ತೆಗೆಯಬೇಕು" ಎಂದರು ಡಾಕ್ಟರು, ನನ್ನ ಬೆರಳಿಗೆ ಬ್ಯಾಂಡೇಜು ಸುತ್ತುತ್ತ.

ಅತ್ತೆ ಒಳಗೆ ಓಡಿ ಬಂದರು. "ಗಡ್ಡ ತೆಗುಕಾಗ! ಸೊಸಿ ಬಸ್ರಿ! ಮೇಲಿಂದ್ಲೇ ಹೊಲುಕಾತಿಲ್ಯಾ ಡಾಕ್ಟ್ರೇ?"

"ಅಮ್ಮಾ, ಇದು ಗಲ್ಲ, ಗೋಣಿಚೀಲ ಅಲ್ಲ!"

ಬಹಳ ಹೊತ್ತು ಸಂಧಾನ ನಡೆಯಿತು. ಗಾಯದ ಸುತ್ತ ಮಾತ್ರ ಬೋಳಿಸುವುದು, ಉಳಿದ ಗಡ್ಡವನ್ನು ಮುಟ್ಟುವುದಿಲ್ಲ ಎಂದು ಒಪ್ಪಂದವಾಯಿತು. ಮಧ್ಯೆ ಬಯಲು, ಸುತ್ತ ಕಾಡು! ಅತ್ತೆ ಮಗನ ತಲೆ ಹಿಡಿದು ಕುಳಿತರು. ನನ್ನನ್ನು ತಡೆಯುವವರು ಈಗ ಯಾರೂ ಇಲ್ಲ. ಬ್ಯಾಂಡೇಜಿನ ಬೆರಳು ಎತ್ತಿ ಹಿಡಿದು ಮುಂದಕ್ಕೆ ಬಾಗಿದೆ. ಸೂಜಿ ಗಾಳದ ಹಾಗೆ ಬಾಗಿತ್ತು. ಇದೇಕೆ ನೆಟ್ಟಗಿಲ್ಲ ಎಂದು ಯೋಚಿಸುತ್ತಿರುವಾಗಲೇ ಅದು ಗಲ್ಲದ ಹತ್ತಿರ ಬಂತು. ನನ್ನ ಕಣ್ಣುಗಳು ನನ್ನನ್ನು ಕೇಳದೆ ಮುಚ್ಚಿಕೊಂಡವು! ತೆರೆಯುವಷ್ಟರಲ್ಲಿ ಡಾಕ್ಟರು ಕೈ ತೊಳೆಯುತ್ತಿದ್ದರು.

ಊರಿಗೆ ಬಂದ ಮೇಲೆ ಪಕ್ಕದ ಮನೆಯ ಸೀತಕ್ಕ ಬಾವಿಕಟ್ಟೆಯಲ್ಲಿ, "ಎಂತೆಲ್ಲ ಕಂಡೆ ಹೆಣೆ?" ಎಂದು ಕೇಳಿದರು. ಏನೂ ಕಾಣಲಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಎರಡೂ ಆಪರೇಷನ್ ನೋಡಿದೆ ಎಂದೆ. ಕೇಳುವವರು ಹೆಚ್ಚಿದಂತೆ ನನ್ನ ಧೈರ್ಯವೂ ಹೆಚ್ಚಿತು. ಕೊನೆಕೊನೆಗೆ ಡಾಕ್ಟರರಿಗೆ ದಾರ ಹಿಡಿದುಕೊಟ್ಟವಳೂ ನಾನೇ ಆದೆ. ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅವರು ಬಿಳುಚಿಕೊಂಡು ದೇವರ ಮುಂದೆ ಹೋಗಿ ಕೂತವರು ಊಟಕ್ಕೂ ಏಳಲಿಲ್ಲ. ಆಗಲೂ ನಾನು ನಿಜ ಹೇಳಲಿಲ್ಲ.

ಹೆಣ್ಣುಮಗು ಹುಟ್ಟಿತು. ಕೈಕಾಲು, ಕಣ್ಣುಮೂಗು ಎಲ್ಲ ಸರಿಯಾಗಿದ್ದವು. ಗಲ್ಲದಲ್ಲಿ ಮಾತ್ರ ಚೆಂದದ ಒಂದು ಗುಳಿ. ತೊಟ್ಟಿಲಿಗೆ ಹಾಕುವ ದಿನ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಗುಳಿ ತೋರಿಸಿದರು.

"ಕಾಣಿ, ಅಪ್ಪನ್ ಹೊಲಿಗಿ ಗುರ್ತ! ಕಾಂಬುಕಾಗ ಅಂದ್ರೂ ಕಂಡ್ಳ್ ಇವ್ಳ್!"

ಹೆಂಗಸರು ಲೊಚಗುಟ್ಟಿದರು. ಒಬ್ಬರು ಈಗಲೇ ಮಗುವಿನ ಮದುವೆಯ ಚಿಂತೆ ಮಾಡಿದರು. ನನ್ನ ಮುದ್ದು ಮಗುವಿನ ಮುಖವನ್ನು ಎಲ್ಲರೂ ಬಗ್ಗಿ ಬಗ್ಗಿ ನೋಡುತ್ತಿದ್ದರೆ ತಡೆಯಲಾಗಲಿಲ್ಲ.

"ನಾ ಎಂತದೂ ಕಾಣ್ಲಿಲ್ಲೆ! ಸೂಜಿ ಕಂಡ್ ಹೆದ್ರಿ ಕಣ್ ಮುಚ್ಕಂಡಿದ್ದೆ!"

ತೊಟ್ಟಿಲು ತೂಗುವುದೂ ನಿಂತಿತು. ಅತ್ತೆ ನನ್ನ ಗಲ್ಲ ಹಿಡಿದೆತ್ತಿ, "ಖರೆಯಾ?" ಎಂದರು.

"ಖರೆ ಅತ್ತೆ. ದಾರದ್ದೂ ಸುಳ್ಳ್."

ಅತ್ತೆಯ ಮುಖ ಅರಳಿತು. ಬಾಗಿಲಿಗೆ ಓಡಿ, ದಾರಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಕೂಗಿದರು: "ಪಾನಕ ಕುಡ್ಕಂಡ್ ಹೋಯ್ನಿ! ದೇವ್ರ್ ದೊಡ್ಡವ! ನನ್ ಸೊಸಿ ಪುಕ್ಕಲಿ!"