ಬಲಗೈಯ ಗೋರಂಟಿ

ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡುವವರು ಯಾರೂ ಗೋರಂಟಿ ಹಚ್ಚಿಕೊಂಡವರಲ್ಲ ಎಂದು ನನ್ನ ಗುಮಾನಿ. ಎಡಗೈಗೇನೋ ನಾವೇ ಹಚ್ಚಿಕೊಳ್ಳಬಹುದು, ಬಲಗೈಗೆ ನಮ್ಮವರು ಅಂತ ಒಬ್ಬರು ಬೇಕು. ಹರವೆಯ ತವರಿನಲ್ಲಿ ನನಗೆ ಅಕ್ಕ ಇದ್ದಳು. ಸೊಪ್ಪಿಗೆ ಹುಣಸೆಹಣ್ಣು, ಅಡಿಕೆ ಚೂರು ಸೇರಿಸಿ ನುಣ್ಣಗೆ ಅರೆದು, ನನ್ನ ಎರಡೂ ಅಂಗೈಗೆ ಮೆತ್ತಿ, ಬೆರಳುಗಳಿಗೆಲ್ಲ ಟೋಪಿ ಹಾಕಿ, ಆಮೇಲೆ ಮುದ್ದೆಯನ್ನೂ ತಾನೇ ಮುರಿದು ಬಾಯಿಗಿಡುತ್ತಿದ್ದಳು. ಮೂಗು ತುರಿಸಿದರೂ "ಅಕ್ಕಾ" ಎನ್ನುತ್ತಿದ್ದೆ. ಅಂಥ ಮಹಾರಾಣಿಯ ವೈಭವ ಮುಂದೆ ನನಗೆ ಸಿಗಲಿಲ್ಲ.

ಈಗ ನಾನು ಗುಂಡ್ಲುಪೇಟೆಯಲ್ಲಿ, ಅಕ್ಕ ಸಂತೆಮರಹಳ್ಳಿಯಲ್ಲಿ. ಚಾಮರಾಜನಗರದಲ್ಲಿ ಒಂದು ಬಸ್ಸು ಬದಲಿಸಿದರಾಯಿತು. ಆದರೆ ಅಕ್ಕ ಹಸು ಕಟ್ಟಿದ್ದಾಳೆ. ಫೋನ್ ಮಾಡಿದಾಗಲೆಲ್ಲ "ಬತ್ತೀನಿ ಕಣಮ್ಮಿ, ಈ ಗಬ್ಬದ ಹಸ ಈದ್ಬುಡ್ಲಿ" ಎನ್ನುತ್ತಾಳೆ. ಅದು ಈಯುವ ಹೊತ್ತಿಗೆ ಇನ್ನೊಂದು ಗಬ್ಬವಾಗಿರುತ್ತದೆ. ಅವಳನ್ನು ಕರೆಸಲು ಒಂದು ನೆಪ ಇರಲಿ ಎಂದೇ ತವರಿನ ಗಿಡದ ಕಡ್ಡಿ ತಂದು ಬಚ್ಚಲ ನೀರು ಹರಿಯುವ ಕಡೆ ನೆಟ್ಟೆ. ಗಿಡ ಸೊಂಪಾಗಿ ಬೆಳೆದು ಬೀದಿಗೆಲ್ಲ ಔಷಧಿ ಅಂಗಡಿಯಾಯಿತು. ಅಂಗಾಲು ಉರಿಗೆ ಒಬ್ಬರು, ಉಗುರುಸುತ್ತಿಗೆ ಒಬ್ಬರು, ಯಾರಿಗೂ ಹೇಳಬೇಡಿ ಎಂದು ನರೆಗೂದಲಿಗೆ ಇನ್ನೊಬ್ಬರು. ನನ್ನ ಬಲಗೈ ಮಾತ್ರ ಹಾಗೇ ಉಳಿಯಿತು. ಒಮ್ಮೆ ಯಜಮಾನರ ಮುಂದೆ ಚಾಚಿದೆ. ಅವರದು ಈರುಳ್ಳಿ ಮಂಡಿ. ಲಾರಿಗೆ ಹೇರುವ ಮೂಟೆಗೆ ಗುರುತು ಹಾಕುವಂತೆ ಅಂಗೈಗೆ ಎರಡು ಅಡ್ಡಗೀಟೆಳೆದು "ಸಾಕಾ?" ಎಂದರು.

ಕೊನೆಗೂ ಈ ಆಷಾಢದಲ್ಲಿ ಅಕ್ಕ ಬಂದಳು. ಬೆಳಗಿನ ಹಾಲು ಕರೆದು ಬಸ್ಸು ಹತ್ತಿದವಳು, ಸಂಜೆ ಹಾಲಿಗೆ ಮತ್ತೆ ಮನೆಯಲ್ಲಿರಬೇಕು. ಮೂಟೆಯ ಗುರುತಿನ ಕಥೆ ಹೇಳಿಕೊಂಡು ನಗುತ್ತ ಉಂಡೆವು. ಅರೆದಿಟ್ಟಿದ್ದ ಗೋರಂಟಿ ತಂದು ಅವಳ ಕೈ ಬಿಡಿಸಿ ನೋಡಿದರೆ ಎಡಗೈ ಮಾತ್ರ ಕೆಂಪು! ಅವಳ ಹಿತ್ತಲಲ್ಲೂ ಗಿಡವಿದೆ. ನನ್ನಂತೆ ಅವಳಿಗೂ ಹೆಣ್ಣುಮಕ್ಕಳಿಲ್ಲ. ನನಗೆ ಬಹಳ ಸಂಕಟವಾಯಿತು. "ಮೊದಲು ನಿನಗೆ" ಎಂದೆ. "ಸುಮ್ಕೆ ಕೊಡಮ್ಮಿ ಕೈಯ" ಎಂದು ಅಕ್ಕ ನನ್ನ ಬಲಗೈಯನ್ನೇ ಎಳೆದುಕೊಂಡಳು. ಅದು ಮುಗಿದ ಮೇಲೆ ನನಗೆ ಉಳಿದದ್ದು ಎಡಗೈ. ಅದರಲ್ಲೇ ಅವಳ ಅಂಗೈಗೆ ಚಂದ್ರ ಬಿಡಿಸಹೋದೆ, ಬದನೆಕಾಯಿಯಾಯಿತು. "ನಿಮ್ಮನೆಯವ್ರೇ ವಾಸಿ ಕಣಮ್ಮಿ" ಎಂದು ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಕೈಯನ್ನು ಮೇಲೆತ್ತಿಕೊಂಡೇ ಬಸ್ಸು ಹತ್ತಿ, "ಆಧಾರ್ ಕಾರ್ಡು ಬ್ಯಾಗ್ನಲ್ಲದೆ, ನೀನೇ ತಕ್ಕಳಪ್ಪ" ಎಂದು ಕಂಡಕ್ಟರಿಗೆ ಹೇಳಿದ್ದು ಕೇಳಿಸಿತು. ಬಸ್ಸು ಹೋದ ಮೇಲೂ ನನಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಫೋನ್ ಮಾಡಿ ಬಣ್ಣ ಹೇಗೆ ಬಂತು ಎಂದು ಕೇಳಿದೆ.

"ಎಲ್ ಬಂತಮ್ಮಿ? ಮನೆಗ್ ಬತ್ತಿದ್ದಂಗೆ ಹಸ ಕರೀಬೇಕಿತ್ತಲ್ಲ, ತೊಳ್ಕಬುಟ್ಟೆ. ನಿಂಗೆ ಎಂಗ್ ಬಂತು?"

ನಾನು ಕೈ ನೋಡಿಕೊಂಡೆ. ಇಷ್ಟು ವರ್ಷಗಳಲ್ಲಿ ಅಂಥ ಕೆಂಪು ಬಂದಿರಲಿಲ್ಲ.

"ನಂಗೂ ಬರ್ಲೇ ಇಲ್ಲ ಕಣಕ್ಕ, ನೀನು ಇನ್ನೊಂದ್ಸಲ ಬರ್ಲೇಬೇಕು" ಎಂದೆ, ಆ ಕೈಯಲ್ಲೇ ಫೋನು ಹಿಡಿದುಕೊಂಡು.