ಗಂಟಲಿಗೆ ತಂದ ಜೇನು

ಆಸಿಮನ ದನಿ ಹೋಗಿದ್ದು ಯಾರ ಕಣ್ಣು ತಾಗಿಯೂ ಅಲ್ಲ, ಅವನದೇ ಹುರುಪಿನಿಂದ. ಗಣೇಶಗುಡಿಯ ರಾಫ್ಟಿಂಗ್ ಕ್ಯಾಂಪಿನಲ್ಲಿ ನಾಲ್ಕು ವರ್ಷದಿಂದ ರಾಫ್ಟುಗಳಿಗೆ ಗಾಳಿ ತುಂಬುತ್ತಿದ್ದ ಅವನಿಗೆ ಅಂದು ಮಧ್ಯಾಹ್ನ ಗೈಡ್ ಪರೀಕ್ಷೆ ಇತ್ತು. ಕಾಳಿ ನದಿಯ ಅಬ್ಬರವನ್ನೂ ಮೀರಿ "ಫಾರ್ವರ್ಡ್! ಸ್ಟಾಪ್!" ಎಂದು ಕೂಗಬಲ್ಲವನೇ ಗೈಡ್. ಹಾಗೆಂದು ಎಂಟು ದಿನ ದಾಂಡೇಲಿಯ ತನ್ನ ಮನೆಯ ತಾರಸಿ ಹತ್ತಿ ಕೂಗಿದ್ದೇ ಕೂಗಿದ್ದು. ಓಣಿಯವರು ಬೈದರು, ನಾಯಿಗಳು ದನಿಗೂಡಿಸಿದವು. ಪರೀಕ್ಷೆಯ ದಿನ ಬೆಳಗ್ಗೆ ಬಾಯಿ ತೆರೆದರೆ ಪಂಕ್ಚರಾದ ಟ್ಯೂಬಿನಂತೆ ಬರೀ ಗಾಳಿ ಬಂತು.

ಹೋಗುವುದು ನೌಕರಿಯೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಆದರೆ ಮೂಲೆಮನೆಯ ವಜೀರ ಚಾಚಾ, "ಗಾಳಿ ತುಂಬಾವಗ ನನ್ನ ಮಗಳನ್ನ ಕೊಡೂದಿಲ್ಲ. ಗೈಡ್ ಆಗು, ಆಮ್ಯಾಲೆ ಮಾತು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಮಗಳು ಅಂಬರೀನಳಿಗೇನೋ ಇವನ ಮೇಲೆ ಮನಸ್ಸಿತ್ತು. ಅವಳಾದರೂ ಎಷ್ಟು ವರ್ಷ ಕಾದಾಳು?

ಆಸಿಮ ಎದ್ದವನೇ ಬಸ್‌ಸ್ಟ್ಯಾಂಡಿಗೆ ಓಡಿದ. ಅಲ್ಲಿ ಕಾಡಿನ ಜೇನು ಮಾರುವ ಮಾನ್ವೆಲ್ ಕಾಕಾ ಕುಳಿತಿರುತ್ತಿದ್ದ. ಆಸಿಮ ಗಂಟಲು ತೋರಿಸಿದ್ದೇ ತಡ, ಕಾಕಾನಿಗೆ ಎಲ್ಲ ತಿಳಿಯಿತು. ಕೆಮ್ಮಿನ ಔಷಧಿಯ ಹಳೇ ಬಾಟಲಿಯೊಂದನ್ನು ಚೀಲದ ತಳದಿಂದ ತೆಗೆದ.

"ಕಾಸಿದ್ದಲ್ಲ, ಏನೂ ಬೆರಸಿದ್ದಲ್ಲ. ಹುಟ್ಟು ಹಿಂಡಿ ಇಳಿಸಿದ ಹಸೀ ಜೇನು. ಈಗೊಂದು ಚಮಚಾ, ಹತ್ತಕ್ಕೊಂದು, ಹನ್ನೆರಡಕ್ಕೊಂದು. ಗಟಗಟ ನುಂಗಬ್ಯಾಡ, ತಾನ ಇಳೀಲಿ. ಅಲ್ಲೀತನಕ ಒಂದಕ್ಷರ ಮಾತಾಡಬಾರದು. ಮಾತಾಡಿದ್ಯೋ, ಜೇನು ದಂಡ."

ಆಸಿಮ ತುಟಿ ಬಿಗಿದುಕೊಂಡು, ಮನೆಗೆ ಹೋಗಿ ಚಮಚದಲ್ಲಿ ಅಳೆದೇ ಕುಡಿಯಬೇಕೆಂದು ಹೊರಟ. ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಕೈಯಲ್ಲಿ ಹಿಡಿದುಕೊಂಡು ನಡೆದ.

ಓಣಿಯ ಮೊದಲ ಮನೆ ಶಾಂತಾದೇವಿಯವರದು. "ಜೇನೇನೋ ಆಸಿಮ? ದೇವರು ಕಳಿಸಿದಂಗ ಬಂದಿ ನೋಡು! ದ್ವಾಸಿ ಹಂಚು ತಾಗಿ ಕೈ ಸುಟ್ಟೈತಿ. ಸುಟ್ಟಗಾಯಕ್ಕ ಇದರಂಥಾದ್ದು ಇನ್ನೊಂದಿಲ್ಲ."

ಇದು ನನಗೇ ಮೂರು ಚಮಚ ಬೇಕು ಎಂದು ಆಸಿಮ ಮೂರು ಬೆರಳು ತೋರಿಸಿದ.

"ದಿನಕ್ಕ ಮೂರು ಸಲ ಹಚ್ಚಬೇಕೇನು? ಹಂಗಾರ ವಾಟಗಾ ತರ್ತೇನಿ, ನಿಂದ್ರು."

ಆ ಬಟ್ಟಲು ತುಂಬುವುದನ್ನು ಪಕ್ಕದ ಮನೆಯ ವೀರೇಶ ನೋಡಿಯೇಬಿಟ್ಟ. ಅವನಿಗೆ ಹೊಟ್ಟೆ ಕರಗಿಸುವ ಚಿಂತೆ. "ಬಿಸಿನೀರು, ನಿಂಬಿಹಣ್ಣು, ಜೇನು! ಒಂದು ತಿಂಗಳಾಗ ಹೊಟ್ಟಿ ಮಾಯ ಅಂತ ಮೊಬೈಲ್‌ನಾಗ ನೋಡೇನಿ. ಹಾಕಪಾ ಒಂದೀಟು."

ಆಸಿಮ ಗಾಬರಿಯಿಂದ ಬಾಟಲಿಯನ್ನು ಎದೆಗೆ ಅವಚಿಕೊಂಡ.

"ಎದೀಗೂ ಚೊಲೋ ಏನು? ಹಂಗಾರ ನಮ್ಮಪ್ಪಗೂ ಹಾಕು!"

ಹೇಳಲು ಬಾಯಿಲ್ಲ, ಓಡಲು ದಾರಿಯಿಲ್ಲ. ಬರೆದಾದರೂ ತೋರಿಸೋಣವೆಂದು ಆಸಿಮ ಫೋನು ತೆಗೆದ. ಅದು ಬೆಳಗಿನಿಂದ ಜೇಬಿನಲ್ಲಿ ಗುರ್ರ್ ಗುರ್ರ್ ಎನ್ನುತ್ತಲೇ ಇತ್ತು. ಜೇನು ಮೆತ್ತಿದ ಬೆರಳಿಗೆ ಅದು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಪ್ಯಾಂಟಿಗೆ ಒರೆಸಿದ, ಪ್ಯಾಂಟೂ ಅಂಟಾಯಿತು. ಅರ್ಧ ಬಾಟಲಿ ಉಳಿದಾಗ ಅವನು ಹೇಗೋ ಕೊಸರಿಕೊಂಡು ಮೂಲೆ ದಾಟಲು ನೋಡಿದ. ಕಟ್ಟೆಯ ಮೇಲೆ ಸಾಕ್ಷಾತ್ ವಜೀರ ಚಾಚಾ ಕುಳಿತಿದ್ದರು.

"ದನಿ ಹೋಗೇತಂತಲ್ಲೋ ಬೇಟಾ? ಜೇನು ತಂದಿ, ಶಾಬಾಸ್. ಅಸಲಿ ಹೌದೋ?"

ಹೌದೆಂದರೆ ಕೇಳುತ್ತಾರೆಂಬ ಭಯಕ್ಕೆ ಆಸಿಮ ಇಲ್ಲವೆಂದು ತಲೆಯಾಡಿಸಿದ.

"ಅಸಲಿ ಅಲ್ಲ? ನಮ್ಮ ಹುಡುಗಗ ಮೋಸ ಮಾಡಿದಾವ ಯಾವ ಅವ? ಅಂಬರೀನ, ಒಂದು ಗ್ಲಾಸ್ ನೀರು ತಾ!"

'ನಮ್ಮ ಹುಡುಗ' ಎಂಬ ಮಾತಿಗೆ ಆಸಿಮ ಕರಗಿ ಹೋದ. ಬಾಟಲಿ ಚಾಚಾರ ಕೈಗೆ ಹೋಗಿದ್ದು ಅವನಿಗೇ ತಿಳಿಯಲಿಲ್ಲ. ಚಾಚಾ ನೀರಿಗೆ ಒಂದು ಚಮಚ ಸುರಿದರು. ಜೇನು ನೆಟ್ಟಗೆ ತಳಕ್ಕಿಳಿಯಿತು. "ಅಸಲಿ!" ಅರಳೆಗೆ ಹಚ್ಚಿ ಕಡ್ಡಿ ಗೀರಿದರು. ಹತ್ತಿಕೊಳ್ಳಲಿಲ್ಲ. "ನಕಲಿ!" ಇಬ್ಬಗೆಯಾದ ಮೇಲೆ ಮೂರನೆಯ ಸಾಕ್ಷಿ ಬೇಕಲ್ಲ? ಅಸಲಿ ಜೇನನ್ನು ನಾಯಿ ಮುಟ್ಟುವುದಿಲ್ಲ ಎಂದು ಓಣಿಯ ನಾಯಿಯನ್ನು ಕರೆದು ತಟ್ಟೆಗೆ ಸುರಿದರು. ನಾಯಿ ಅರ್ಧ ನೆಕ್ಕಿ, ಅರ್ಧ ಬಿಟ್ಟು, ನೆರಳಿಗೆ ಹೋಗಿ ಮಲಗಿತು. ಬಾಗಿಲ ಸಂದಿಯಿಂದ ಅಂಬರೀನ ಹಣೆ ಚಚ್ಚಿಕೊಂಡಳು.

ಮನೆಗೆ ಹೋಗಲೂ ಹೊತ್ತಿಲ್ಲದೆ ಹತ್ತೂವರೆಗೆ ಗಣೇಶಗುಡಿಯ ಬಸ್ಸು ಹಿಡಿದಾಗ ಬಾಟಲಿಯಲ್ಲಿ ಉಳಿದಿದ್ದು ಎರಡೇ ಚಮಚ. ಇನ್ನು ಚಮಚದ ಹಂಗೂ ಬೇಡವೆಂದು ಮುಚ್ಚಳ ತೆಗೆದು ಬಾಯಿಗೆತ್ತಿದ. ಅದೇ ಹೊತ್ತಿಗೆ ಬಸ್ಸು ಗುಂಡಿಗಿಳಿಯಿತು. ಒಂದು ಚಮಚ ಪಕ್ಕದಲ್ಲಿದ್ದ ಮುದುಕಿ ಮಾಲವ್ವನ ಕೈಮೇಲೆ ಬಿತ್ತು. ಬೈಯುತ್ತಾಳೆಂದು ಆಸಿಮ ಮುದುರಿ ಕುಳಿತರೆ, ಅವಳು ಮೂಸಿ ನೋಡಿ, "ಇರ್ಲಿ ಬಿಡಪಾ, ಥಂಡಿಗೆ ತುಟಿ ಒಡದಿದ್ವು" ಎಂದು ತುಟಿಗೆ ಸವರಿಕೊಂಡು, ಉಳಿದಿದ್ದನ್ನು ಹಿಮ್ಮಡಿಗೂ ಹಚ್ಚಿದಳು. ಊರಿಗೆಲ್ಲ ಮದ್ದಾದ ಜೇನು ತಂದವನಿಗೆ ಮಾತ್ರ ದಕ್ಕಲಿಲ್ಲವಲ್ಲ ಎಂದು ಆಸಿಮನಿಗೆ ಅಳುವೇ ಬಂತು. ಅಳುವುದಕ್ಕೂ ದನಿಯಿರಲಿಲ್ಲ.

ಕ್ಯಾಂಪಿನ ಗೇಟಿನ ಬಳಿ ಕೊನೆಯ ಚಮಚವನ್ನು ಬಾಯಿಗೆ ಬಗ್ಗಿಸಿ, ಕಣ್ಣು ಮುಚ್ಚಿ, ತಾನಾಗಿ ಇಳಿಯಲೆಂದು ಬಿಟ್ಟ. ಬಾಟಲಿಗೆ ನೀರು ಹಾಕಿ ಕುಲುಕಿ ಅದನ್ನೂ ಕುಡಿದ. ಅರ್ಧ ಗಂಟೆ ಮರದ ಬುಡದಲ್ಲಿ ಕುಳಿತು ಮೆಲ್ಲಗೆ "ಆ" ಎಂದ. ಆಹಾ! ಬಂತು! ಹಳೆಯದಕ್ಕಿಂತ ಗಟ್ಟಿ ದನಿ! ಮಾನ್ವೆಲ್ ಕಾಕಾನ ಕಾಲಿಗೆ ಬೀಳಬೇಕೆನಿಸಿತು.

ದಡದಲ್ಲಿ ಪರೀಕ್ಷೆ ಆಗಲೇ ನಡೆಯುತ್ತಿತ್ತು. ಮುಖ್ಯ ಗೈಡ್ ಅಡಿವೆಯ್ಯ ರಾಫ್ಟಿನ ತುದಿಯಲ್ಲಿ ಕುಳಿತಿದ್ದ. ಇವನಿಗಿಂತ ಮುಂಚಿನ ಇಬ್ಬರು ಬಾಯಿ ಬಿಡದೆ ಬರೀ ಕೈ ಬೀಸುತ್ತಿದ್ದರು. ಪಾಪ, ಇವರದೂ ಗಂಟಲು ಬಿದ್ದಿದೆ ಎಂದು ಆಸಿಮ ಒಳಗೊಳಗೇ ಹಿಗ್ಗಿದ. ಸರದಿ ಬಂದೊಡನೆ ರಾಫ್ಟು ಹತ್ತಿ, ಎಂಟು ದಿನದ ಸಾಧನೆಯನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದ.

"ಫಾ...ರ್ವರ್ಡ್!"

ಆಚೆ ದಡದ ಮರದಿಂದ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ಬುರ್ರೆಂದು ಹಾರಿಹೋದವು. ಅಡಿವೆಯ್ಯ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ.

"ಮುಂಜಾನಿಂದ ನಾಕು ಮೆಸೇಜ್ ಹಾಕೇನಿ, ನೋಡಿಲ್ಲೇನೋ? ಹಕ್ಕಿ ಗೂಡು ಕಟ್ಟ್ಯಾವ, ಈ ವರ್ಷ ನದ್ಯಾಗ ಒದರಂಗಿಲ್ಲ. ಕೈಸನ್ನಿ ಒಂದ. ಬಾಯಿ ಬಿಟ್ಟಾವ ಫೇಲ್ ಅಂತ ದೊಡ್ಡ ಅಕ್ಷರದಾಗ ಬರದೇನಿ!"

"ಸರ್, ಮುಂಜಾನಿಂದ ನನಗ ದನೀನ ಇರ್ಲಿಲ್ಲರಿ!"

"ಹಂಗ ಬರಬೇಕಿತ್ತಲ್ಲೋ ಮಾರಾಯಾ! ಹೋಗು, ಆ ರಾಫ್ಟಿಗೆ ಗಾಳಿ ಕಡಿಮಿ ಆಗೇತಿ, ತುಂಬು."

ಆಸಿಮ ನದಿಯಲ್ಲಿ ಕೈ ತೊಳೆದ. ಒದ್ದೆ ಕೈ ಒರೆಸಿ ಫೋನು ಮುಟ್ಟಿದರೆ ಈಗ ತಟ್ಟನೆ ತೆರೆಯಿತು. ನಾಲ್ಕೂ ಮೆಸೇಜು ಸಾಲಾಗಿ ಕುಳಿತಿದ್ದವು. ಅಷ್ಟರಲ್ಲಿ ವಜೀರ ಚಾಚಾರ ಫೋನು ಬಂತು.

"ಏನಾತು ಬೇಟಾ? ಪಾಸೇನು?"

ಆಸಿಮ ಬಾಯಿ ತೆರೆದ. ಗಂಟಲೀಗ ಗಂಟೆಯಂತೆ ಖಣಖಣ ಎನ್ನುವಂತಿತ್ತು. ಆದರೆ ಏನು ಹೇಳುವುದು? ಮತ್ತೆ ಮುಚ್ಚಿದ.

"ಇನ್ನೂ ದನಿ ಬಂದಿಲ್ಲೇನು? ಯಾ ಅಲ್ಲಾ!" ಚಾಚಾ ಫೋನಿನ ಆಚೆಗೆ ತಿರುಗಿ ಕೂಗಿದ್ದು ಆಸಿಮನಿಗೆ ಸ್ಪಷ್ಟವಾಗಿ ಕೇಳಿಸಿತು. "ಅಂಬರೀನ, ನಾ ಹೇಳಲಿಲ್ಲೇನು? ಆ ಜೇನು ನಕಲಿ! ಒಂದು ಬಾಟಲಿ ಜೇನು ಆರಿಸಾಕ ಬರದಾವ ನದ್ಯಾಗ ಮಂದೀನ್ನ ಹೆಂಗ ದಾಟಸ್ತಾನ?"